ಬೀರು ನಿಂತ ಜಾಗಕ್ಕೂ ಇಎಂಐ

ಕೆಂಗೇರಿ ಆಚೆ ಕೊಂಡ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಇಂಟೀರಿಯರ್ ಮಾಡಿಸಲೆಂದು ಕೊಟ್ಟಿದ್ದ 52,000 ರೂಪಾಯಿ ಮುಂಗಡವನ್ನು ಈ ಅಂಕಣಕಾರ ಬಿಟ್ಟುಕೊಟ್ಟು ಎದ್ದು ಬಂದಾಗ ಮನೆಯಲ್ಲಿ ಯಾರಿಗೂ ಅದು ಸರಿ ಕಾಣಲಿಲ್ಲ. ವಾಪಸ್ ಕೇಳುವ ಹಾಗೂ ಇರಲಿಲ್ಲ. ಬುಕಿಂಗ್ ಫಾರಂನಲ್ಲೇ ‘ನಾನ್-ರಿಫಂಡಬಲ್’ ಎಂದು ಅಚ್ಚಾಗಿತ್ತು, ಅದರ ಕೆಳಗೆ ಸಹಿಯೂ ಬಿದ್ದಿತ್ತು. “ಐವತ್ತೆರಡು ಸಾವಿರ ಅಂದ್ರೆ ಸುಮ್ನೇನಾ ಅಳಿಯಂದ್ರೇ? ಹೇಗೂ ಕೊಟ್ಟಾಗಿದೆ, ಮಾಡಿಸಿಬಿಡಿ” ಎಂದು ಮಾವನವರು ಫೋನಿನಲ್ಲಿ ಹೇಳಿದರು. ಹೆಂಡತಿಯ ವಾದವೂ ಹೆಚ್ಚು ಕಡಿಮೆ ಅದೇ.

‘ಹೇಗೂ ಕೊಟ್ಟಾಗಿದೆ’ ಎಂಬ ಆ ಮಾತನ್ನು ಸ್ವಲ್ಪ ನೋಡಬೇಕು. ಕಂಪನಿಯ ಕೊಟೇಶನ್ 5,20,000 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 93,600. ಒಟ್ಟು 6,13,600. ಅಂದರೆ 52 ಸಾವಿರವನ್ನು ‘ಉಳಿಸಿಕೊಳ್ಳಲು’ ಇನ್ನೂ 5,61,600 ರೂಪಾಯಿ ಹಾಕಬೇಕಿತ್ತು. ಮಾಡಿಸಿದರೂ ಬಿಟ್ಟರೂ ಮುಂಗಡವಂತೂ ಕೈಬಿಟ್ಟು ಹೋಗಿದೆ. ಲೆಕ್ಕಕ್ಕೆ ಬರುವುದು ಇನ್ನು ಮುಂದೆ ಕೊಡಬೇಕಾದ ದುಡ್ಡು ಮಾತ್ರ. ಚೀಟಿ ಹಾಕಿದವರು, ಅರ್ಧಕ್ಕೆ ನಿಂತ ಎಲ್‌ಐಸಿ ಪಾಲಿಸಿ ಇಟ್ಟುಕೊಂಡವರು, ಲೇಔಟಿನ ಸೈಟಿಗೆ ಅಡ್ವಾನ್ಸ್ ಕೊಟ್ಟು ಕೂತವರು ಎಲ್ಲರೂ ಈ ಒಂದು ಜಾಗದಲ್ಲೇ ಎಡವುವುದು.

ಹಾಗಾದರೆ ಮನಸ್ಸು ಬದಲಾದದ್ದು ಯಾಕೆ? ಕಂಪನಿಯವರು ಕಳಿಸಿದ ತ್ರೀಡಿ ಚಿತ್ರದಲ್ಲಿ ಮನೆ ಚೆನ್ನಾಗಿಯೇ ಇತ್ತು. ಎರಡು ವಾರ್ಡ್‌ರೋಬ್, ಟಿವಿ ಯೂನಿಟ್, ಕ್ರಾಕರಿ ಯೂನಿಟ್, ಶೂ ರ್‍ಯಾಕ್, ಮಾಡ್ಯುಲರ್ ಕಿಚನ್, ಹಾಲ್‌ಗೆ ಫಾಲ್ಸ್ ಸೀಲಿಂಗ್. ಚಿತ್ರದ ಜೊತೆ ಬಂದ ಡ್ರಾಯಿಂಗಿನಲ್ಲಿ ಪ್ರತಿ ಪೆಟ್ಟಿಗೆಯ ಉದ್ದ, ಅಗಲ ಬರೆದಿತ್ತು. ಅದನ್ನು ಕೂಡಿಸಿ ನೋಡಿದ್ದೇ ತೊಂದರೆಗೆ ಕಾರಣ.

ಮನೆಯ ಬೆಲೆ 63 ಲಕ್ಷ. 1,050 ಚದರ ಅಡಿ ಸೂಪರ್ ಬಿಲ್ಟಪ್, ಅಡಿಗೆ 6,000 ರೂಪಾಯಿ. ಆದರೆ ಸೂಪರ್ ಬಿಲ್ಟಪ್‌ನಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿರುತ್ತದೆ. ಅಲ್ಲಿ ಯಾರೂ ಬೀರು ಇಡಲಾಗದು. 2016ರ ರೇರಾ ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆ, ಡಕ್ಟು, ಬಾಲ್ಕನಿ ಬಿಟ್ಟು ಒಳಗೆ ಬಳಸಲು ಸಿಗುವ ನೆಲ. ಒಳಗಿನ ಅಡ್ಡಗೋಡೆಗಳ ಜಾಗ ಮಾತ್ರ ಅದರಲ್ಲಿ ಸೇರಿರುತ್ತದೆ. ಈ ಮನೆಯಲ್ಲಿ ಅದು 690 ಚದರ ಅಡಿ. 63 ಲಕ್ಷವನ್ನು 690ರಿಂದ ಭಾಗಿಸಿದರೆ ಅಡಿಗೆ 9,130 ರೂಪಾಯಿ. ಕಾಲೂರುವ ನೆಲದ ನಿಜವಾದ ದರ ಇದು. ನೋಂದಣಿ ಮತ್ತು ಮುದ್ರಾಂಕ ಶುಲ್ಕ ಸೇರಿಸಿದರೆ ಇನ್ನೂ ಮೇಲೆ.

ಈಗ ಪೆಟ್ಟಿಗೆಗಳು. ದೊಡ್ಡ ರೂಮಿನ ವಾರ್ಡ್‌ರೋಬ್ ಏಳು ಅಡಿ ಉದ್ದ, ಎರಡು ಅಡಿ ಆಳ: 14 ಚದರ ಅಡಿ. ಚಿಕ್ಕ ರೂಮಿನದು ಆರು ಅಡಿಗೆ ಎರಡು: 12. ಟಿವಿ ಯೂನಿಟ್ ಆರು ಅಡಿಗೆ ಒಂದೂವರೆ: 9. ಕ್ರಾಕರಿ ಯೂನಿಟ್ ನಾಲ್ಕು ಅಡಿಗೆ ಒಂದೂವರೆ: 6. ಶೂ ರ್‍ಯಾಕ್ 3. ಒಟ್ಟು 44 ಚದರ ಅಡಿ. ಅಡಿಗೆ 9,130ರಂತೆ ಗುಣಿಸಿದರೆ 4,01,720 ರೂಪಾಯಿ. ಕೊಟೇಶನ್ನಿನಲ್ಲಿ ಎಲ್ಲೂ ಕಾಣದ ಈ ನಾಲ್ಕು ಲಕ್ಷ ಆ ಮರದ ಪೆಟ್ಟಿಗೆಗಳ ಬುಡದಲ್ಲಿ ಕೂತಿರುತ್ತದೆ. ಎಂಟೂವರೆ ಪರ್ಸೆಂಟ್ ಬಡ್ಡಿಗೆ ಇಪ್ಪತ್ತು ವರ್ಷದ ಗೃಹಸಾಲ ಎಂದರೆ ಲಕ್ಷಕ್ಕೆ 868 ರೂಪಾಯಿ ಇಎಂಐ. ನಾಲ್ಕು ಲಕ್ಷಕ್ಕೆ ತಿಂಗಳಿಗೆ ಸುಮಾರು 3,500. ಮನೆಯ ಪೂರ್ತಿ ಹಣ ಸಾಲದ್ದೇ ಎಂದು ಹಿಡಿದ ಲೆಕ್ಕವಿದು. ಸ್ವಂತ ದುಡ್ಡು ಹಾಕಿದ ಭಾಗಕ್ಕೆ ಕೈತಪ್ಪಿದ ಎಫ್‌ಡಿ ಬಡ್ಡಿಯನ್ನು ಹಿಡಿಯಿರಿ, ಮೊತ್ತ ಸ್ವಲ್ಪ ಇಳಿಯುತ್ತದೆ, ಕತೆ ಬದಲಾಗುವುದಿಲ್ಲ. ವಾರ್ಡ್‌ರೋಬಿನ ಬಾಗಿಲು ತೆಗೆಯಲು ಮುಂದೆ ಬಿಡಬೇಕಾದ ಎರಡು ಅಡಿ ಜಾಗವನ್ನು ಇಲ್ಲಿ ಸೇರಿಸಿಲ್ಲ. ಅದು ಇನ್ನೊಂದು 26 ಚದರ ಅಡಿ.

ಈ ಲೆಕ್ಕ ಹಿಡಿದುಕೊಂಡು ಮಂಡ್ಯ ಕಡೆಯ ಆಚಾರ್ರೊಬ್ಬರನ್ನು ಮನೆಗೆ ಕರೆಸಿದ್ದಾಯಿತು. ಅವರು ಟೇಪು ಹಿಡಿಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಈ ಮನೇಲಿ ಕೋಟು ಹಾಕೋರು ಎಷ್ಟು ಜನ?”

ಯಾರೂ ಇಲ್ಲ. ಆಫೀಸಿಗೆ ಹೋಗುವ ಷರ್ಟುಗಳು, ನಾಲ್ಕಾರು ಕುರ್ತಾ ಬಿಟ್ಟರೆ ಹ್ಯಾಂಗರಿಗೆ ಹಾಕುವ ಬಟ್ಟೆಯೇ ಕಡಿಮೆ. ಉಳಿದದ್ದೆಲ್ಲ ಮಡಿಸಿಡುವಂಥದ್ದು: ಸೀರೆ, ಪಂಚೆ, ಟವೆಲು, ಬೆಡ್‌ಶೀಟು. “ಎರಡು ಅಡಿ ಆಳ ಬೇಕಾಗೋದು ಹ್ಯಾಂಗರಿಗೆ ಸಾರ್. ಮಡಿಸಿದ ಸೀರೆಗೆ ಹದಿನಾರು ಇಂಚು ಸಾಕು. ಎರಡು ಅಡಿ ಮಾಡಿದ್ರೆ ಹಿಂದ್ಗಡೆ ಇನ್ನೊಂದು ಸಾಲು ಇಡ್ತೀರಿ, ಆ ಸಾಲು ಮತ್ತೆ ನಿಮ್ ಕಣ್ಣಿಗೇ ಬೀಳಲ್ಲ.” ಹೆಂಡತಿ ಎದ್ದು ಹೋಗಿ ಹಳೇ ಬೀರುವಿನ ಹಿಂದಿನ ಸಾಲಿನಿಂದ ಒಂದು ಮೈಸೂರು ಸಿಲ್ಕ್ ಸೀರೆ ತಂದಳು. ಮಡಿಕೆಯ ಗೆರೆಯಲ್ಲೇ ಜರಿ ಕಪ್ಪಾಗಿತ್ತು. ವಾದ ಅಲ್ಲಿಗೆ ಮುಗಿಯಿತು.

ಎರಡು ರೂಮಿನ ಹದಿಮೂರು ಅಡಿ ವಾರ್ಡ್‌ರೋಬಿನಲ್ಲಿ ಮೂರು ಅಡಿ ಮಾತ್ರ ಪೂರ್ತಿ ಆಳ, ಉಳಿದ ಹತ್ತು ಅಡಿ ಹದಿನಾರು ಇಂಚು ಎಂದು ತೀರ್ಮಾನವಾಯಿತು. ಅಷ್ಟರಿಂದಲೇ ಆರೂಮುಕ್ಕಾಲು ಚದರ ಅಡಿಯಷ್ಟು ನೆಲ, ಅಂದರೆ ಅರವತ್ತು ಸಾವಿರ ರೂಪಾಯಿ ಮೇಲ್ಪಟ್ಟ ಜಾಗ ರೂಮಿಗೆ ವಾಪಸ್ ಬಂತು. ಬಿಟ್ಟ ಮುಂಗಡಕ್ಕಿಂತ ಹೆಚ್ಚು. ಟಿವಿ ಗೋಡೆಗೆ ಹೋಯಿತು, ಕ್ರಾಕರಿ ಯೂನಿಟ್ ರದ್ದಾಯಿತು, ಚಪ್ಪಲಿಗೆ ಗೋಡೆಗಂಟಿದ ಆರು ಇಂಚಿನ ಓರೆ ಸ್ಟ್ಯಾಂಡು ಬಂತು. 44 ಚದರ ಅಡಿ 21ಕ್ಕೆ ಇಳಿಯಿತು. ರೂಮಿನ ಒಂದು ಗೋಡೆಯ ಉದ್ದಕ್ಕೂ ಬಾಗಿಲಿನ ಎತ್ತರದ ಮೇಲೆ ಅಟ್ಟ: ಹನ್ನೊಂದು ಅಡಿ ಉದ್ದ, ಎರಡು ಅಡಿ ಆಳ, ಎರಡು ಅಡಿ ಎತ್ತರ. 44 ಘನ ಅಡಿ ಸಾಮಾನು ಹಿಡಿಯುವ ಆ ಅಟ್ಟ ತಿನ್ನುವ ನೆಲ ಸೊನ್ನೆ.

ಖರ್ಚು? ಪ್ಲೈವುಡ್, ಲ್ಯಾಮಿನೇಟ್, ಕೂಲಿ, ಅಡುಗೆಮನೆಯ ಟ್ರಾಲಿ ಎಲ್ಲ ಸೇರಿ 2,35,000 ರೂಪಾಯಿ. ಮಲಗುವ ಕೋಣೆಗೆ ಐಎಸ್ 303 ಗ್ರೇಡಿನ ಪ್ಲೈ, ಸಿಂಕಿನ ಕೆಳಗೆ ಮಾತ್ರ ಐಎಸ್ 710. ಶೀಟಿನ ಮೇಲಿನ ಮುದ್ರೆ ನೋಡಿಯೇ ತಂದದ್ದು. ಹೋದ ಮುಂಗಡವನ್ನು ಸೇರಿಸಿದರೂ 2,87,000. ಕಂಪನಿಯ ಪ್ಯಾಕೇಜಿಗಿಂತ 3,26,600 ಕಡಿಮೆ. ಫಾಲ್ಸ್ ಸೀಲಿಂಗ್ ಇಲ್ಲ, ಟಿವಿ ಹಿಂದೆ ಲೈಟು ಹೊಳೆಯುವುದಿಲ್ಲ, ಆಚಾರ್ರು ಹೇಳಿದ್ದಕ್ಕಿಂತ ತಡವಾಗಿ ಮುಗಿಸಿದರು. ಹತ್ತು ವರ್ಷದ ವಾರಂಟಿ ಕಾರ್ಡೂ ಇಲ್ಲ, ಆಚಾರ್ರ ಫೋನ್ ನಂಬರ್ ಇದೆ. ಇವೆಲ್ಲಕ್ಕೂ ಬೆಲೆಯಿದೆ ಎನ್ನುವವರು ಎನ್ನಲಿ. ಆ ಬೆಲೆ ಮೂರೂಕಾಲು ಲಕ್ಷ ಎಂಬುದನ್ನು ಗೊತ್ತುಮಾಡಿಕೊಂಡು ಎನ್ನಲಿ.

ಪ್ಯಾಕೇಜಿನ ಬೆನ್ನಿಗೇ ಬರುವ ‘ನೋ ಕಾಸ್ಟ್ ಇಎಂಐ’ ಬಗ್ಗೆ ಈ ಅಂಕಣಕ್ಕೆ ತಾಳ್ಮೆ ಇಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಪ್ರಾಸೆಸಿಂಗ್ ಶುಲ್ಕದ ಹೆಸರಿನಲ್ಲಿ ಮರೆಮಾಚುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಅಂದಿನಿಂದ ಹೆಸರು ಬದಲಾಗಿದೆ, ವ್ಯವಹಾರ ಬದಲಾಗಿಲ್ಲ. ಇದೇ ಪ್ಯಾಕೇಜಿಗೆ ಒಟ್ಟಿಗೆ ಹಣ ಕಟ್ಟಿದರೆ ಆರು ಪರ್ಸೆಂಟ್ ಕಡಿತ ಎಂದಿದ್ದರು. ಹನ್ನೆರಡು ಕಂತಿನಲ್ಲಿ ಕಟ್ಟಿದರೆ ಆ ಕಡಿತ ಇಲ್ಲ. ಕಂತು ಕಟ್ಟುತ್ತಾ ಹೋದಂತೆ ಬಾಕಿ ಕರಗುವುದರಿಂದ ವರ್ಷದ ಸರಾಸರಿ ಸಾಲ ಒಟ್ಟು ಮೊತ್ತದ ಅರ್ಧಕ್ಕಿಂತ ಚೂರು ಮೇಲೆ. ಹಾಗಾಗಿ ಆ ಆರು ಪರ್ಸೆಂಟೇ ವರ್ಷಕ್ಕೆ ಹನ್ನೊಂದು ಪರ್ಸೆಂಟ್ ದಾಟುವ ಬಡ್ಡಿ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿ ಬೇರೆ. ಎಂಟೂವರೆಗೆ ಗೃಹಸಾಲ ಸಿಕ್ಕವರು ಹನ್ನೊಂದಕ್ಕೆ ಕಪಾಟು ಕೊಂಡು ಅದನ್ನು ‘ಫ್ರೀ’ ಎನ್ನುತ್ತಾರೆ. ಮಾರುವ ಹುಡುಗನ ಎದುರು ಕೂತು “ಇವತ್ತೇ ಪೂರ್ತಿ ಕೊಟ್ಟರೆ ಎಷ್ಟು ಬಿಡ್ತೀರಿ?” ಎಂದು ಕೇಳಿ. ಅವನು ಹೇಳುವ ಮೊತ್ತವೇ ಬಡ್ಡಿ.

ಸಾಮಾನು ಇಡಲು ಬೇರೆ ದಾರಿಗಳೂ ಇವೆ. ಕೆಳಗೆ ಸಾಮಾನು ಇಡುವ ಹೈಡ್ರಾಲಿಕ್ ಮಂಚಕ್ಕೆ ಈ ಲೆಕ್ಕದಲ್ಲಿ ಒಳ್ಳೆಯ ಅಂಕ ಸಿಗುತ್ತದೆ. ಮಂಚ ಹೇಗೂ ನೆಲ ತಿಂದಿರುತ್ತದೆ, ಐದಕ್ಕೆ ಆರೂವರೆ ಅಡಿಯ ಮಂಚದಡಿ ಮುಕ್ಕಾಲು ಅಡಿ ಆಳ ಸಿಕ್ಕರೂ 24 ಘನ ಅಡಿ. ಹಾಸಿಗೆ ಎತ್ತಿ ದಿನಾ ಟವೆಲು ತೆಗೆಯುವವರು ಯಾರೂ ಇಲ್ಲ, ಆರು ತಿಂಗಳಿಗೊಮ್ಮೆ ಬೇಕಾಗುವ ರಗ್ಗು, ಕಂಬಳಿಗೆ ಅದು ಸರಿ. ಯುಟಿಲಿಟಿಯಲ್ಲಿ ಸ್ಲಾಟೆಡ್ ಆ್ಯಂಗಲ್ ರ್‍ಯಾಕ್ ನೋಡಲು ಗೋಡೌನಿನಂತೆ ಕಂಡರೂ ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಮನೆ ಬದಲಾಯಿಸುವಾಗ ಬಿಚ್ಚಿ ಒಯ್ಯಬಹುದು. ಬಾಡಿಗೆ ಮನೆಯವರಿಗೆ ಅದೂ ಅಪ್ಪ-ಅಮ್ಮನ ಕಾಲದ ಸ್ಟೀಲ್ ಬೀರುವೂ ಸಾಕು. ಗೋಡೆಗೆ ಕಪಾಟು ಹೊಡೆಸಿದರೆ ಅದು ಓನರಿಗೆ ಕೊಟ್ಟ ಉಡುಗೊರೆ. ಪಾರ್ಟಿಕಲ್ ಬೋರ್ಡಿನ ಕಪಾಟನ್ನು ಎರಡನೇ ಸಲ ಬಿಚ್ಚಿ ಜೋಡಿಸಿದಾಗ ಸ್ಕ್ರೂ ಕಚ್ಚಿಕೊಳ್ಳುವುದಿಲ್ಲ ಎಂಬುದು ಶಿಫ್ಟಿಂಗ್ ಮಾಡಿದವರಿಗೆಲ್ಲ ಗೊತ್ತು. 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ತೆರೆದ ಮೇಲೆ ಪುಟ್ಟ ಮನೆಗಳ ಮಾದರಿ ನೋಡಲು ಮೆಟ್ರೋ ಹತ್ತಿ ಹೋಗುವವರಿದ್ದಾರೆ. ನೋಡಲು ದುಡ್ಡು ಕೊಡಬೇಕಿಲ್ಲ, ಟೇಪು ಒಯ್ದು ಆಳ ಅಳೆದುಕೊಂಡು ಬಂದರೂ ಲಾಭವೇ.

ತಿಂಗಳ ಬಾಡಿಗೆಗೆ ಸಾಮಾನು ಇಟ್ಟುಕೊಳ್ಳುವ ಸ್ಟೋರೇಜ್ ಸೇವೆಗಳೂ ಬೆಂಗಳೂರಿನಲ್ಲಿ ಬಂದಿವೆ. ಕಂಪನಿ ಒಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಕಳಿಸಿದವರಿಗೆ ಸರಿ. ಉಳಿದವರು ತಿಂಗಳಿಗೆ 2,500 ಎಂದಿಟ್ಟುಕೊಂಡರೂ ಮೂರು ವರ್ಷಕ್ಕೆ 90,000 ಆಗುತ್ತದೆ ಎಂದು ಬರೆದುಕೊಂಡು, ಒಳಗಿಡುವ ಹಳೇ ಫ್ರಿಜ್ಜು, ಸೋಫಾ ಮಾರಿದರೆ ಎಷ್ಟು ಬರುತ್ತದೆ ಎಂದು ಪಕ್ಕದಲ್ಲಿ ಬರೆಯಲಿ.

ಇನ್ನು ಒಳಗೆ ಏನಿದೆ ಎಂಬ ವಿಷಯ. ಯುಗಾದಿಗೆ ಮುಂಚೆ ಮನೆ ತೊಳೆಯುವಾಗ ಅಟ್ಟದ ಮೇಲಿಂದ ಏನೇನು ಇಳಿಯುತ್ತದೆ ನೋಡಿ: ವಾರಂಟಿ ಮುಗಿದ ಮಿಕ್ಸಿಯ ಖಾಲಿ ಡಬ್ಬ, ಹಿಂದಿನ ಟಿವಿಯ ಥರ್ಮೋಕೋಲು, ಮದುವೆಯಲ್ಲಿ ಬಂದು ಇನ್ನೂ ಸುತ್ತಿದ ಕಾಗದದಲ್ಲೇ ಇರುವ ಸ್ಟೀಲ್ ಡಬ್ಬಿ ಸೆಟ್ಟು, ಖಾಲಿ ಹಾರ್ಲಿಕ್ಸ್ ಬಾಟಲಿ. ‘ಬೇಕಾದೀತು’ ಎಂದು ಇಟ್ಟದ್ದು. ಬೇಕಾಗುವ ಸಾಮಾನು ಬೇರೆಯೇ ಇದೆ. ಮೈಸೂರು ಕಡೆಯ ಮನೆಗಳಲ್ಲಿ ದಸರಾ ಗೊಂಬೆಯ ಟ್ರಂಕು ವರ್ಷಕ್ಕೊಮ್ಮೆ ಖಂಡಿತ ಇಳಿಯುತ್ತದೆ, ಅದಕ್ಕೆ ಅಟ್ಟ ಬೇಕೇ ಬೇಕು. ಅಜ್ಜಿಯ ತಾಮ್ರದ ಹಂಡೆಗೆ ಗುಜರಿಯಲ್ಲೂ ಕೇಜಿ ಲೆಕ್ಕದಲ್ಲಿ ಬೆಲೆಯಿದೆ, ಇರಲಿ. ಆದರೆ ಆಫರಿನಲ್ಲಿ ಅರವತ್ತು ರೂಪಾಯಿ ಉಳಿಯಿತೆಂದು ತಂದ ವರ್ಷದ ಸೋಪಿನ ಪುಡಿ ಒಂದು ಚದರ ಅಡಿ ಹಿಡಿದರೂ 9,130 ರೂಪಾಯಿಯ ನೆಲದ ಮೇಲೆ ಕೂತಿದೆ. ಬೀದಿ ಕೊನೆಯ ದಿನಸಿ ಅಂಗಡಿ ಅದೇ ಪುಡಿಯನ್ನು ತನ್ನ ಜಾಗದಲ್ಲಿ, ತನ್ನ ಬಾಡಿಗೆಯಲ್ಲಿ ಇಟ್ಟುಕೊಂಡಿರುತ್ತದೆ. ತಿಂಗಳಿಗೊಂದು ಪೊಟ್ಟಣ ತಂದರೆ ಸಾಲದೇ? ಎರಡು ವರ್ಷ ಮುಟ್ಟದ್ದನ್ನು ಕೊಡುವುದಕ್ಕೂ ಮನಸ್ಸಿಲ್ಲ, ಇಡುವುದಕ್ಕೆ ಇನ್ನೊಂದು ಕಪಾಟು ಬೇಕು ಎನ್ನುವವರಿಗೆ ಯಾವ ಆಚಾರ್ರೂ ಸಹಾಯ ಮಾಡಲಾರರು.

ಇನ್ನೂ ಮನೆ ಕೊಳ್ಳದವರಿಗೆ ಕೆಲಸ ಸುಲಭ. ಕರ್ನಾಟಕ ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟಿನ ಪುಟದಲ್ಲಿ ಫ್ಲ್ಯಾಟುಗಳ ಕಾರ್ಪೆಟ್ ಏರಿಯಾ ಸಿಗುತ್ತದೆ. ಬೆಲೆಯನ್ನು ಅದರಿಂದ ಭಾಗಿಸಿ, ಬಂದ ದರವನ್ನು ಡ್ರಾಯಿಂಗಿನ ಮೂಲೆಯಲ್ಲಿ ಬರೆದುಕೊಳ್ಳಿ. ಅಡುಗೆಮನೆ, ಬಾತ್‌ರೂಮಿನ ಮೇಲೆ ಆರ್‌ಸಿಸಿ ಸಜ್ಜಾ ಇದೆಯೇ ಎಂದು ಬಿಲ್ಡರನ್ನು ಕೇಳಿ. ಕಟ್ಟುವಾಗಲೇ ಹಾಕಿದರೆ ಪ್ಲೈವುಡ್ಡಿನ ಅಟ್ಟದ ಖರ್ಚು ಉಳಿಯುತ್ತದೆ. ಗೋಡೆ ಬ್ಲಾಕಿನದೋ ಮಿವಾನ್ ಕಾಂಕ್ರೀಟಿನದೋ ಎಂಬುದೂ ಮುಖ್ಯ. ಮಿವಾನ್ ಗೋಡೆಯನ್ನು ಕೆತ್ತಿ ಗೂಡು ಮಾಡುವ ಹಾಗಿಲ್ಲ, ಒಂದು ಮೊಳೆಗೂ ಹ್ಯಾಮರ್ ಡ್ರಿಲ್ ಬೇಕು. ಇವಕ್ಕೆಲ್ಲ ಉತ್ತರವನ್ನು ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಇಮೇಲಿನಲ್ಲಿ ತರಿಸಿಕೊಳ್ಳಿ. ಇಂಟೀರಿಯರ್ ಕಂಪನಿಯ ಬುಕಿಂಗ್ ಫಾರಂ ಕೈಗೆ ತೆಗೆದುಕೊಳ್ಳುವುದು ಆಮೇಲೆ. ಅದರಲ್ಲಿ ಮುಂಗಡ ವಾಪಸಾತಿಯ ಕಲಂ ಎಲ್ಲಿದೆ ಎಂದು ಹುಡುಕಿ, ಇಲ್ಲದಿದ್ದರೆ ಬರೆಸಿ, ಬರೆದುಕೊಡಲು ಒಪ್ಪದಿದ್ದರೆ ಚೆಕ್ ಬುಕ್ ಒಳಗಿಡಿ.