ಪ್ರಶ್ನೆಗಿಂತ ದಾಖಲೆ ಮುಖ್ಯ: ಗ್ರಾಮ ಪಂಚಾಯಿತಿ ಕಚೇರಿಯಿಂದ ದಾಖಲೆಗಳನ್ನು ಕೋರುವ ಕ್ರಮ

ಗ್ರಾಮ ಸಭೆಯಲ್ಲಿ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಓದಿದಾಗ ತಮ್ಮ ಹೆಸರನ್ನು ಕಿವಿಯಾರೆ ಕೇಳಿದ ಮಹಿಳೆಯೊಬ್ಬರು, ಕೆಲವು ತಿಂಗಳ ನಂತರ ಮಂಜೂರಾದವರ ಪಟ್ಟಿಯಲ್ಲಿ ಆ ಹೆಸರು ಇಲ್ಲವೆಂದು ತಿಳಿದು ಪಂಚಾಯಿತಿ ಕಚೇರಿಗೆ ಬರುತ್ತಾರೆ ಎಂದಿಟ್ಟುಕೊಳ್ಳಬಹುದು. ಮನೆಯದು ಮಣ್ಣಿನ ಗೋಡೆ, ಮಳೆಗಾಲ ಹತ್ತಿರವಿದೆ. "ಮೇಲಿನಿಂದಲೇ ಹೆಸರು ಬಂದಿಲ್ಲ" ಎಂಬುದಷ್ಟೇ ಕಚೇರಿಯಲ್ಲಿ ದೊರೆಯುವ ಉತ್ತರ. ಊರಿನ ಓದುಬಲ್ಲವರೊಬ್ಬರಿಂದ ಮಾಹಿತಿ ಹಕ್ಕಿನ ಅರ್ಜಿ ಬರೆಸುತ್ತಾರೆ. "ನನ್ನ ಹೆಸರನ್ನು ಪಟ್ಟಿಯಿಂದ ಏಕೆ ಕೈಬಿಡಲಾಯಿತು? ಇದಕ್ಕೆ ಹೊಣೆ ಯಾರು? ನನಗಿಂತ ಅನುಕೂಲಸ್ಥರಿಗೆ ಮನೆ ಕೊಟ್ಟಿದ್ದು ನ್ಯಾಯವೇ?" ಇಪ್ಪತ್ತೆಂಟನೆಯ ದಿನ ಒಂದು ಹಿಂಬರಹ ಬರುತ್ತದೆ: "ತಾವು ಕೋರಿರುವುದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ."

ಹಿಂಬರಹವು ಕಠಿಣವಾಗಿ ತೋರಿದರೂ ಕಾನೂನಿನ ದೃಷ್ಟಿಯಿಂದ ಅದನ್ನು ಪೂರ್ತಿ ತಪ್ಪೆನ್ನಲಾಗದು. ಮಾಹಿತಿ ಹಕ್ಕು ಅಧಿನಿಯಮ, 2005ರ 2(ಎಫ್) ಪ್ರಕರಣದಲ್ಲಿ ಮಾಹಿತಿ ಎಂದರೆ ದಾಖಲೆ, ಟಿಪ್ಪಣಿ, ಆದೇಶ, ವಹಿ, ವರದಿ, ಕರಾರು, ಮಾದರಿ ಮುಂತಾಗಿ ಯಾವುದಾದರೊಂದು ರೂಪದಲ್ಲಿ ಈಗಾಗಲೇ ಇರುವ ಸಾಮಗ್ರಿ. ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಗೆ ಸಂಬಂಧಿಸಿದ 2011ರ ತೀರ್ಪಿನಲ್ಲಿ ಇದನ್ನೇ ಸ್ಪಷ್ಟಪಡಿಸಿದೆ: ಕಚೇರಿಯ ವಶದಲ್ಲಿರುವ ಮಾಹಿತಿಯನ್ನು ಕೊಡಬೇಕು, ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡುವ ಅಥವಾ ಅಭಿಪ್ರಾಯ ಹೇಳುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲ. ಆದುದರಿಂದ "ಏಕೆ" ಎಂದು ಕೇಳಿದ ಅರ್ಜಿಯು ಸುಲಭವಾಗಿ ಹಿಂದಿರುಗುತ್ತದೆ. ಆ "ಏಕೆ"ಗೆ ಉತ್ತರವು ಯಾವ ಪುಸ್ತಕದ ಯಾವ ಪುಟದಲ್ಲಿದೆಯೋ ಅದನ್ನು ಹೆಸರಿಸಿ ಕೇಳಿದ ಅರ್ಜಿಯನ್ನು ಹಾಗೆ ಹಿಂದಿರುಗಿಸಲು ಬರುವುದಿಲ್ಲ.

ಹಾಗಾದರೆ ಅದೇ ಮಹಿಳೆಯ ಪ್ರಕರಣದಲ್ಲಿ ಕಚೇರಿಯಲ್ಲಿ ಇರಬೇಕಾದ ದಾಖಲೆಗಳು ಯಾವುವು? ಮೊದಲನೆಯದು ಗ್ರಾಮ ಸಭೆಯ ನಡವಳಿ ಪುಸ್ತಕ. ಸಭೆ ನಡೆದ ದಿನಾಂಕ, ಅಧ್ಯಕ್ಷತೆ, ಚರ್ಚೆಯಾದ ವಿಷಯ, ಆಯ್ಕೆಯಾದವರ ಹೆಸರುಗಳು ಅದರಲ್ಲಿರಬೇಕು. ಎರಡನೆಯದು ಅದೇ ಸಭೆಯ ಹಾಜರಿ ಸಹಿಗಳು. ಮೂರನೆಯದು ಪಂಚಾಯಿತಿಯ ಸಾಮಾನ್ಯ ಸಭೆಯ ನಡವಳಿ. ಗ್ರಾಮ ಸಭೆಯ ಪಟ್ಟಿಯ ಮೇಲೆ ಸಾಮಾನ್ಯ ಸಭೆ ಏನಾದರೂ ನಿರ್ಣಯ ಕೈಗೊಂಡಿದ್ದರೆ ಅದು ಇಲ್ಲಿ ಕಾಣುತ್ತದೆ. ನಾಲ್ಕನೆಯದು ಪಟ್ಟಿಯನ್ನು ತಾಲ್ಲೂಕು ಪಂಚಾಯಿತಿಗೆ ಕಳುಹಿಸಿದ ಪತ್ರದ ಕಚೇರಿ ಪ್ರತಿ ಮತ್ತು ಅದರ ಲಗತ್ತು. ಐದನೆಯದನ್ನು ಜನರು ಸಾಮಾನ್ಯವಾಗಿ ಮರೆಯುತ್ತಾರೆ: ಜಾವಕ ವಹಿ. ಯಾವ ಪತ್ರ ಯಾವ ದಿನ ಯಾವ ಸಂಖ್ಯೆಯೊಡನೆ ಹೊರಟಿತು ಎಂಬುದು ಅದರಲ್ಲಿ ಸಾಲುಸಾಲಾಗಿ ದಾಖಲಾಗಿರುವುದರಿಂದ, ನಡುವೆ ಒಂದು ಪತ್ರವನ್ನು ತೆಗೆಯುವುದಾಗಲಿ ಸೇರಿಸುವುದಾಗಲಿ ಸುಲಭವಲ್ಲ.

ಗ್ರಾಮ ಸಭೆಯ ನಡವಳಿಯಲ್ಲಿರುವ ಹೆಸರುಗಳನ್ನೂ ಜಾವಕ ಪತ್ರದ ಲಗತ್ತಿನಲ್ಲಿರುವ ಹೆಸರುಗಳನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಆ ಮಹಿಳೆಯ ಹೆಸರು ಎಲ್ಲಿ ಬಿದ್ದುಹೋಯಿತೆಂಬುದು ತಿಳಿಯುತ್ತದೆ. ಎರಡರಲ್ಲೂ ಹೆಸರು ಇದ್ದರೆ ತಪ್ಪು ಪಂಚಾಯಿತಿಯದಲ್ಲ. ಮೇಲಿನ ಹಂತದಲ್ಲಿ ವಿಚಾರಿಸಬೇಕು. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಯಾವ ವಿವರಣೆಯನ್ನು ಯಾರಿಂದ ಕೇಳಬೇಕೆಂಬುದು ತಾನೇ ಸ್ಪಷ್ಟವಾಗುತ್ತದೆ. ಎರಡರಲ್ಲೂ ಇಲ್ಲದಿದ್ದರೆ, ಸಭೆಯಲ್ಲಿ ಓದಿದ್ದು ಒಂದು, ಬರೆದದ್ದು ಇನ್ನೊಂದು ಎಂದಾಗುತ್ತದೆ. ಆಗ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದವರೇ ಸಾಕ್ಷಿಗಳು. ದಾಖಲೆಯು ಪಂಚಾಯಿತಿ ಸಿಬ್ಬಂದಿಯನ್ನು ಸುಳ್ಳು ಆರೋಪದಿಂದ ಕಾಪಾಡುವ ಸಂದರ್ಭವೂ ಇಲ್ಲಿದೆ ಎಂಬುದನ್ನು ಕಚೇರಿಯವರು ಗಮನಿಸಬೇಕು.

ಕಾಮಗಾರಿಗಳಿಗೂ ಇದೇ ಕ್ರಮ. "ಚರಂಡಿ ಕಳಪೆಯಾಗಿದೆ, ತನಿಖೆ ಮಾಡಿ" ಎಂಬುದು ದೂರು. ಅದಕ್ಕೆ ಬೇರೆ ದಾರಿಯಿದೆ. ಮಾಹಿತಿ ಅರ್ಜಿಯಲ್ಲಿ ಕೇಳಬೇಕಾದದ್ದು ಕ್ರಿಯಾ ಯೋಜನೆಯಲ್ಲಿ ಸದರಿ ಕಾಮಗಾರಿ ಇರುವ ಪುಟ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಬಿಲ್ಲು ಮತ್ತು ಓಚರು. ಇವುಗಳಲ್ಲಿ ಅಳತೆ ಪುಸ್ತಕವೇ ಪ್ರಧಾನ. ಅದರಲ್ಲಿ ಬರೆದಿರುವ ಉದ್ದ, ಅಗಲ, ಆಳವನ್ನು ಸ್ಥಳದಲ್ಲಿ ಟೇಪು ಹಿಡಿದು ಯಾರು ಬೇಕಾದರೂ ಹೋಲಿಸಿ ನೋಡಬಹುದು.

ಅರ್ಜಿಯನ್ನು ಬರೆಯುವ ಬಗೆ ಹೀಗಿರಬಹುದು:

"ಇವರಿಗೆ, ಸಾರ್ವಜನಿಕ ಮಾಹಿತಿ ಅಧಿಕಾರಿ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ವಿಷಯ: ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಗೆ ಸಂಬಂಧಿಸಿದ ದಾಖಲೆಗಳ ದೃಢೀಕೃತ ನಕಲು ಕೋರಿ. ಇಂತಹ ದಿನಾಂಕದಂದು ಇಂತಹ ಗ್ರಾಮದಲ್ಲಿ ನಡೆದ ಗ್ರಾಮ ಸಭೆಯ (1) ನಡವಳಿಯ ಪೂರ್ಣ ಪ್ರತಿ. (2) ಹಾಜರಿ ಸಹಿಗಳ ಪ್ರತಿ. (3) ಆ ಸಭೆಯಲ್ಲಿ ಆಯ್ಕೆಯಾದವರ ಪಟ್ಟಿಯನ್ನು ತಾಲ್ಲೂಕು ಪಂಚಾಯಿತಿಗೆ ಸಲ್ಲಿಸಿದ ಪತ್ರ ಹಾಗೂ ಲಗತ್ತು. (4) ಸದರಿ ಪತ್ರ ನಮೂದಾಗಿರುವ ಜಾವಕ ವಹಿಯ ಪುಟ. ಅರ್ಜಿ ಶುಲ್ಕ ರೂ. 10 ಪಾವತಿಸಿದೆ."

ಇಷ್ಟೇ ಸಾಕು. ಕೋಪದ ಮಾತು, ಕಾನೂನಿನ ಪ್ರಕರಣಗಳ ಪಟ್ಟಿ, ದಂಡದ ಎಚ್ಚರಿಕೆ ಇವು ಅರ್ಜಿಯ ಬಲವನ್ನು ಹೆಚ್ಚಿಸುವುದಿಲ್ಲ. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಆದ ತಿದ್ದುಪಡಿಯಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಮನೆ, ಚರಂಡಿ, ಬೀದಿದೀಪ ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರಿಸಿ ಉಳಿದವುಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಲು ತಿಳಿಸುವ ಅವಕಾಶ ಅಧಿಕಾರಿಗಿದೆ. ಹತ್ತು ವರ್ಷಗಳ ಎಲ್ಲ ಯೋಜನೆಗಳ ಎಲ್ಲ ದಾಖಲೆಗಳನ್ನು ಕೇಳುವ ಅರ್ಜಿಗಳೂ ಕಚೇರಿಗಳಿಗೆ ಬರುವುದುಂಟು. ಅಂತಹ ಅರ್ಜಿಯಿಂದ ಮೇಲೆ ಹೇಳಿದ ಮಹಿಳೆಯಂತಹವರ ನಾಲ್ಕು ಪುಟಗಳ ಕೆಲಸವೇ ಹಿಂದೆ ಬೀಳುತ್ತದೆ ಎಂಬುದನ್ನು ಬರೆಯುವವರು ನೆನೆಯಬೇಕು.

ಅರ್ಜಿದಾರರಿಗೆ ಕಾನೂನು ಕೊಟ್ಟಿರುವ ಅನುಕೂಲಗಳನ್ನೂ ಕಚೇರಿಯವರು ಮರೆಯುವಂತಿಲ್ಲ. ಮಾಹಿತಿ ಏತಕ್ಕೆ ಬೇಕೆಂದು ಕೇಳತಕ್ಕದ್ದಲ್ಲ. 6(2) ಪ್ರಕರಣವು ಇದನ್ನು ನೇರವಾಗಿಯೇ ಹೇಳುತ್ತದೆ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ಬೇಕಾದ ನೆರವನ್ನು ಮಾಹಿತಿ ಅಧಿಕಾರಿಯೇ ನೀಡಬೇಕು. ಆದುದರಿಂದ "ಯಾರಿಂದಾದರೂ ಬರೆಸಿಕೊಂಡು ಬನ್ನಿ" ಎಂದು ಕಳುಹಿಸುವುದು ಸರಿಯಾದ ಕ್ರಮವಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಂದ ಶುಲ್ಕ ಪಡೆಯುವಂತಿಲ್ಲ. ಅವರು ಅದರ ಪುರಾವೆಯನ್ನು ಲಗತ್ತಿಸಿದರೆ ಆಯಿತು. ಉಳಿದವರು ನಗದಾಗಿ ಶುಲ್ಕ ಕೊಟ್ಟರೆ ರಸೀದಿಯನ್ನೂ, ಅರ್ಜಿಯ ಎರಡನೆಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕವನ್ನೂ ಪಡೆದುಕೊಳ್ಳಬೇಕು. ಮುಂದಿನ ಎಲ್ಲ ಲೆಕ್ಕವೂ ಆ ದಿನಾಂಕದಿಂದಲೇ ಆರಂಭವಾಗುತ್ತದೆ.

ಅರ್ಜಿ ತಲಪಿದ 30 ದಿನಗಳೊಳಗೆ ಮಾಹಿತಿ ನೀಡಬೇಕು ಇಲ್ಲವೇ ಕಾರಣ ಸಹಿತ ನಿರಾಕರಿಸಬೇಕು. ಸುಮ್ಮನಿದ್ದರೆ ಅದೂ ನಿರಾಕರಣೆಯೆಂದೇ ಪರಿಗಣಿತವಾಗುತ್ತದೆ. ಎ-4 ಅಳತೆಯ ಪುಟವೊಂದಕ್ಕೆ ರೂ. 2ರಂತೆ ನಕಲು ಶುಲ್ಕ ಕಟ್ಟುವಂತೆ ಪತ್ರ ಬಂದರೆ, ಆ ಪತ್ರ ಹೊರಟ ದಿನದಿಂದ ಹಣ ಕಟ್ಟುವ ದಿನದವರೆಗಿನ ಅವಧಿ ಮೂವತ್ತು ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ. ಬೇಗ ಕಟ್ಟುವುದು ಅರ್ಜಿದಾರರಿಗೇ ಒಳಿತು. ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ಶುಲ್ಕವಿಲ್ಲ. ಕೇಳಿದ ದಾಖಲೆ ತಾಲ್ಲೂಕು ಪಂಚಾಯಿತಿಯಲ್ಲಿಯೋ ವಸತಿ ನಿಗಮದಲ್ಲಿಯೋ ಇದ್ದರೆ, ಐದು ದಿನಗಳೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕೇ ಹೊರತು "ನಮ್ಮಲ್ಲಿ ಇಲ್ಲ" ಎಂದು ಮುಗಿಸುವಂತಿಲ್ಲ.

ನಕಲಿಗಿಂತ ಮುಂಚೆ ಪರಿಶೀಲನೆ ಎಂಬ ಇನ್ನೊಂದು ಹಕ್ಕಿದೆ. ಕಚೇರಿಗೆ ಬಂದು ಕಡತವನ್ನು ಕಣ್ಣಾರೆ ನೋಡಿ, ಟಿಪ್ಪಣಿ ಮಾಡಿಕೊಂಡು, ಬೇಕಾದ ಪುಟಗಳ ನಕಲನ್ನಷ್ಟೇ ಪಡೆಯುವುದಕ್ಕೆ 2(ಜೆ) ಪ್ರಕರಣವು ಅವಕಾಶ ನೀಡಿದೆ. ದಾಖಲೆಯ ಹೆಸರು ತಿಳಿಯದವರಿಗೆ ಇದಕ್ಕಿಂತ ಒಳ್ಳೆಯ ಮಾರ್ಗವಿಲ್ಲ. ಕಚೇರಿಗೂ ನೂರಾರು ಪುಟಗಳ ನಕಲು ತೆಗೆಯುವ ಶ್ರಮ ಉಳಿಯುತ್ತದೆ. ಇಷ್ಟು ಉಪಯುಕ್ತವಾದ ಕ್ರಮವನ್ನು ಬಳಸುವವರು ಕಡಿಮೆಯೆಂಬುದು ವಿಷಾದದ ಸಂಗತಿ.

ಪಂಚಾಯಿತಿಯ ಬಿಲ್ಲು, ಓಚರು, ಹಾಜರಿ ಪಟ್ಟಿಗಳಿಗೂ ಈ ಕಾನೂನಿಗೂ ಇರುವ ನಂಟು ಇಂದಿನದಲ್ಲ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ನಡೆಸಿದ ಜನ ಸುನವಾಯಿಯಲ್ಲಿ ಸ್ಥಳೀಯ ಕಾಮಗಾರಿಗಳ ಲೆಕ್ಕಪತ್ರಗಳನ್ನು ಊರವರ ಮುಂದೆ ಓದಲಾಯಿತು. ಆ ದಾಖಲೆಗಳ ನಕಲನ್ನು ಹಕ್ಕಾಗಿ ಪಡೆಯಬೇಕೆಂದು 1996ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಕರ್ನಾಟಕವೂ ಕೇಂದ್ರ ಕಾನೂನಿಗೆ ಮುಂಚೆಯೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಅಧಿನಿಯಮವನ್ನು ರೂಪಿಸಿತ್ತು. ದೇಶಕ್ಕೆಲ್ಲ ಅನ್ವಯಿಸುವ ಈಗಿನ ಕಾನೂನು ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು.

ನಿರಾಕರಣೆಗೆ ಕೊಡುವ ಕಾರಣಗಳಲ್ಲಿ "ಇದು ಮೂರನೆಯವರ ವೈಯಕ್ತಿಕ ಮಾಹಿತಿ" ಎಂಬುದು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಮೂಲಕ 8(1)(ಜೆ) ಪ್ರಕರಣಕ್ಕೆ ತಿದ್ದುಪಡಿಯಾಗಿರುವುದರಿಂದ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗಿದೆ. ಆದರೆ ಫಲಾನುಭವಿಗಳ ಪಟ್ಟಿಯ ವಿಷಯದಲ್ಲಿ ಗೊಂದಲಕ್ಕೆ ಹೆಚ್ಚು ಎಡೆಯಿಲ್ಲ. ಸಹಾಯಧನದ ಕಾರ್ಯಕ್ರಮಗಳಿಗೆ ಹಂಚಿಕೆಯಾದ ಮೊಬಲಗು ಮತ್ತು ಫಲಾನುಭವಿಗಳ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 4(1)(ಬಿ) ಪ್ರಕರಣವು ವಿಧಿಸಿದೆ. ಅಲ್ಲಿ ಹೇಳಿರುವ ಹದಿನೇಳು ಬಾಬುಗಳಲ್ಲಿ ಇದು ಹನ್ನೆರಡನೆಯದು. ಪಟ್ಟಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳಿದ್ದರೆ ಅವನ್ನು 10ನೇ ಪ್ರಕರಣದಂತೆ ಮರೆಮಾಡಿ ಉಳಿದುದನ್ನು ಕೊಡಬಹುದು. ಒಂದು ಅಂಕಣಕ್ಕಾಗಿ ಇಡೀ ಪಟ್ಟಿಯನ್ನು ತಡೆಹಿಡಿಯಬೇಕಾಗಿಲ್ಲ. ಸಾರ್ವಜನಿಕ ಹಿತವು ಹಾನಿಗಿಂತ ಮಿಗಿಲಾದಾಗ ವಿನಾಯಿತಿ ಪಡೆದ ಮಾಹಿತಿಯನ್ನೂ ನೀಡಬಹುದೆಂಬ 8(2) ಪ್ರಕರಣವು ಹಾಗೆಯೇ ಉಳಿದಿದೆ.

"ಕಡತ ಲಭ್ಯವಿಲ್ಲ" ಎಂಬ ಹಿಂಬರಹ ಇದಕ್ಕಿಂತ ಗಂಭೀರವಾದದ್ದು. ಕಡತ ಕಾಣೆಯಾಗುವುದು ಕಾನೂನಿನಲ್ಲಿ ಹೇಳಿರುವ ವಿನಾಯಿತಿಗಳಲ್ಲಿ ಒಂದಲ್ಲ. ಒಮ್ಮೆ ಇದ್ದ ದಾಖಲೆ ದೊರೆಯದಿದ್ದರೆ ಅದನ್ನು ಸಮಗ್ರವಾಗಿ ಹುಡುಕಬೇಕು, ಸಿಗದಿದ್ದರೆ ಹೊಣೆ ಯಾರದೆಂದು ವಿಚಾರಣೆಯಿಂದ ಗೊತ್ತುಮಾಡಬೇಕು ಎಂದು ದೆಹಲಿ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿದೆ. ಅಧಿಕಾರಿಯ ವರ್ಗಾವಣೆಯ ಕಾಲದಲ್ಲಿ ಪ್ರಭಾರ ಪಟ್ಟಿಯನ್ನು ಕಡತದಿಂದ ಕಡತಕ್ಕೆ ತಾಳೆ ನೋಡಿ ಸಹಿ ಹಾಕಿದ್ದರೆ ಇಂತಹ ಹಿಂಬರಹ ಬರೆಯುವ ಪ್ರಮೇಯವೇ ವಿರಳವಾಗುತ್ತದೆ. ಬಂದ ಹೊಸಬರು ನೋಡದೆ ಸಹಿ ಮಾಡಿದ ಪಟ್ಟಿಯು ಮುಂದೆ ಅವರ ಕೊರಳಿಗೇ ಬರುತ್ತದೆ.

ಉತ್ತರ ಬಾರದಿದ್ದಲ್ಲಿ ಅಥವಾ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬೇಕು. ಗ್ರಾಮ ಪಂಚಾಯಿತಿಯ ಪ್ರಕರಣಗಳಲ್ಲಿ ಅದನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಸಲ್ಲಿಸಲಾಗುತ್ತದೆ. ಅವರು 30 ದಿನಗಳಲ್ಲಿ, ಕಾರಣ ದಾಖಲಿಸಿದರೆ ಗರಿಷ್ಠ 45 ದಿನಗಳಲ್ಲಿ, ತೀರ್ಮಾನಿಸಬೇಕು. ಅದರ ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ನಿರಾಕರಿಸಿದ್ದು ಸರಿಯೆಂದು ರುಜುವಾತುಪಡಿಸುವ ಹೊಣೆ ಮೇಲ್ಮನವಿಯಲ್ಲಿ ಮಾಹಿತಿ ಅಧಿಕಾರಿಯದೇ. ಸಕಾರಣವಿಲ್ಲದೆ ವಿಳಂಬವಾಗಿದ್ದರೆ ದಿನಕ್ಕೆ ರೂ. 250ರಂತೆ ರೂ. 25,000 ಮೀರದ ದಂಡವನ್ನು, ಅಧಿಕಾರಿಯ ಅಹವಾಲು ಕೇಳಿದ ಮೇಲೆ, ಆಯೋಗವು ವಿಧಿಸುತ್ತದೆ.

ಇಲ್ಲಿ ಒಂದು ತಿರುವಿನಲ್ಲಿ ಹಲವರು ದಾರಿ ತಪ್ಪುತ್ತಾರೆ. ಮೇಲ್ಮನವಿಯನ್ನು ಬಿಟ್ಟು ನೇರವಾಗಿ ಆಯೋಗಕ್ಕೆ 18ನೇ ಪ್ರಕರಣದಡಿ ದೂರು ಸಲ್ಲಿಸುವವರುಂಟು. ಅಂತಹ ದೂರಿನ ಮೇಲೆ ಆಯೋಗವು ದಂಡ ವಿಧಿಸಬಹುದೇ ಹೊರತು ಮಾಹಿತಿ ಕೊಡಿಸಲಾಗದು ಎಂದು ಮಣಿಪುರ ರಾಜ್ಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದೆ. ಮಣ್ಣಿನ ಗೋಡೆಯ ಮನೆಯಲ್ಲಿರುವ ಆ ಮಹಿಳೆಗೆ ಬೇಕಾಗಿರುವುದು ಯಾರಿಗೋ ದಂಡವಲ್ಲ, ನಡವಳಿ ಪುಸ್ತಕದ ಆ ಪುಟ. ಆ ಪುಟದ ದೃಢೀಕೃತ ನಕಲು ಕೈಗೆ ಬಂದರೆ ಅದನ್ನು ಮುಂದಿನ ಗ್ರಾಮ ಸಭೆಯಲ್ಲಿ ಮಂಡಿಸಿ, ಹೆಸರು ಸೇರಿಸುವ ಬಗ್ಗೆ ನಿರ್ಣಯ ಕೋರಲು ಬರುತ್ತದೆ; ಹಾಗೆ ಮಂಡಿಸಿದ ಸಂಗತಿಯನ್ನು ಅಂದಿನ ನಡವಳಿಯಲ್ಲಿ ಬರೆಸಿ, ಸಭೆ ಮುಗಿಯುವ ಮುನ್ನ ಓದಿಸಿ ಕೇಳಿಕೊಳ್ಳಬೇಕು.