ಉಸಿರು ಬಿಗಿ ಹಿಡಿಯಿರಿ ಎನ್ನುವ ಮುನ್ನ

"ದೊಡ್ಡ ಸ್ಕ್ಯಾನಿಂಗೇ ಬರ್ಕೊಡೋಕೆ ಡಾಕ್ಟ್ರಿಗೆ ಹೇಳಿ ಸಾರ್, ಎಲ್ಲಾ ಒಂದೇ ಸಲ ಗೊತ್ತಾಗ್ಲಿ." ಜಿಲ್ಲಾ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಕಿವಿಗೆ ಈ ಮಾತು ಬೀಳದ ದಿನವಿಲ್ಲ. ಎಲ್ಲವನ್ನೂ ಒಟ್ಟಿಗೆ ತೋರಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಯಾವುದು ಏನನ್ನು ನೋಡುತ್ತದೆ ಎಂದು ರೋಗಿಗೆ ತಿಳಿಸುವುದೂ ನನ್ನ ಕೆಲಸವೇ ಎಂಬುದನ್ನು ಈ ಕೋಣೆ ನನಗೆ ಕಲಿಸಿದೆ.

ಜರ್ಮನಿಯ ರಾಂಟ್‌ಜನ್ 1895ರಲ್ಲಿ ಕಂಡುಹಿಡಿದ ಎಕ್ಸ್‌ರೇ ಕೊಡುವುದು ನೆರಳಿನ ಚಿತ್ರ. ಕ್ಯಾಲ್ಸಿಯಂ ಇರುವ ಮೂಳೆ ಕಿರಣವನ್ನು ಹೀರಿಕೊಂಡು ಬೆಳ್ಳಗೆ ಕಾಣುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ. ಎದೆಯ ಚಿತ್ರಕ್ಕೆ ಬಂದವರನ್ನು ಪ್ಲೇಟಿಗೆ ಎದೆ ತಾಗಿಸಿ ನಿಲ್ಲಿಸುತ್ತೇನೆ; ಹೃದಯ ಪ್ಲೇಟಿಗೆ ಹತ್ತಿರವಿದ್ದರೆ ಅದರ ನೆರಳು ಹಿಗ್ಗುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ಮೊಣಕೈ ಮುಂದೆ ತಂದರೆ ಹೆಗಲಿನ ಹಿಂದಿನ ಮೂಳೆ ಪಕ್ಕಕ್ಕೆ ಸರಿದು ಶ್ವಾಸಕೋಶ ಬಯಲಾಗುತ್ತದೆ. ಉಸಿರು ಪೂರ್ತಿ ಎಳೆಯದಿದ್ದರೆ ಶ್ವಾಸಕೋಶದ ಬುಡ ಮಬ್ಬಾಗಿ, ಇಲ್ಲದ ಕಾಯಿಲೆ ಇದ್ದಂತೆ ಕಂಡೀತು. ಕಾರಣ ಹೇಳಿ ನೋಡಿ, ಹಣ್ಣಣ್ಣು ಮುದುಕರೂ ಅಲುಗದೆ ನಿಲ್ಲುತ್ತಾರೆ.

ಪಿತ್ತಕೋಶದ ಕಲ್ಲುಗಳಲ್ಲಿ ಹೆಚ್ಚಿನವು ಎಕ್ಸ್‌ರೇಗೆ ಸಿಗುವುದೇ ಇಲ್ಲ. ಅಲ್ಟ್ರಾಸೌಂಡಿನಲ್ಲಿ ಮಾತ್ರ ಕಲ್ಲು ಶಬ್ದದ ಅಲೆಯನ್ನು ಹಿಂದಕ್ಕೆ ಹೊಡೆದು ಥಳಥಳ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು. ತಣ್ಣನೆಯ ಜೆಲ್ ಸವರುವುದು ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿಯಬಾರದೆಂದು. ಗಾಳಿ ಅಡ್ಡ ಬಂದರೆ ಆ ಅಲೆ ಒಳಗೆ ಹೋಗದು. ಇದರಲ್ಲಿ ವಿಕಿರಣವಿಲ್ಲ.

ಸಿ.ಟಿ. ಎಂದರೆ ದೇಹದ ಸುತ್ತ ತಿರುಗುವ ಎಕ್ಸ್‌ರೇ. ಪಾರ್ಶ್ವವಾಯು ಹೊಡೆದವರ ಮಿದುಳಿನಲ್ಲಿ ರಕ್ತಸ್ರಾವವಾಗಿದೆಯೇ ಎಂದು ನಿಮಿಷಗಳಲ್ಲಿ ತೋರಿಸುವ ಅದರ ಉಪಕಾರ ದೊಡ್ಡದು. ಆದರೆ ಎದೆಯ ಎಕ್ಸ್‌ರೇ ಕೊಡುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ಹೊಟ್ಟೆಯ ಸಿ.ಟಿ.ಯದ್ದು ಸುಮಾರು 8. ಸುಮ್ಮನೆ ಕೇಳಿ ಮಾಡಿಸಿಕೊಳ್ಳುವಂಥದ್ದಲ್ಲ.

ಎಂಆರ್‌ಐಗೆ ವಿಕಿರಣ ಬೇಡ. ಮೈಯೊಳಗಿನ ನೀರು, ಕೊಬ್ಬುಗಳ ಹೈಡ್ರೋಜನ್ನಿನಿಂದ ಬರುವ ರೇಡಿಯೊ ಸಂಕೇತವೇ ಅದಕ್ಕೆ ಸಾಕು. ಬೆನ್ನುಹುರಿ, ಮಂಡಿಯ ಲಿಗಮೆಂಟು ನೋಡಲು ಅದೇ ಸೈ. ಭಯವಿರುವುದು ಕಾಂತದ್ದು. ಅದರ ಬಲ 1.5 ಟೆಸ್ಲಾ, ಎಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ರೋಗಿ ಇಲ್ಲದಾಗಲೂ, ರಾತ್ರಿಯೂ ಅದು ಆರುವುದಿಲ್ಲ. ಕಬ್ಬಿಣದ ಆಕ್ಸಿಜನ್ ಸಿಲಿಂಡರನ್ನೂ ಸರ್ರನೆ ಎಳೆದುಕೊಳ್ಳುತ್ತದೆ.

ಹಾಗಾಗಿ ನಮ್ಮ ಬಳಿ ಬಂದಾಗ ಪೇಸ್‌ಮೇಕರ್ ಇದ್ದರೆ, ಬಸುರಿಯಾಗಿರುವ ಅನುಮಾನವಿದ್ದರೂ ಸರಿ, ನಾವು ಕೇಳುವ ಮೊದಲೇ ಹೇಳಿ. ಹಳೆಯ ಫಿಲ್ಮು, ರಿಪೋರ್ಟುಗಳನ್ನು ಎಸೆಯದೆ ತನ್ನಿ. ಹಿಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ಎಷ್ಟೋ ಕಲೆಗಳು ಹೊಸವೋ ಹಳೆಯವೋ ಎಂಬುದು ಡಾಕ್ಟರಿಗೆ ತಿಳಿಯುವುದು.