ಬಾಡಿಗೆಯಲ್ಲೇ ಕಂತು ತೀರುತ್ತದೆಯೇ?

ನಿಮ್ಮ ಲೆಕ್ಕದಲ್ಲಿರುವ ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆಗೆ ಕೊಡಲೆಂದು ನೀವು ಕೊಳ್ಳಬೇಕೆಂದಿರುವ ಬೆಂಗಳೂರಿನ 60 ಲಕ್ಷದ ಫ್ಲ್ಯಾಟ್‌ಗೆ 40 ಲಕ್ಷ ಸಾಲ ಮಾಡಿದರೆ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 34,700 ರೂಪಾಯಿ. ನೀವು ನಿರೀಕ್ಷಿಸಿರುವ ಬಾಡಿಗೆ 20,000. ಉಳಿದದ್ದು ನಿಮ್ಮ ಸಂಬಳದಿಂದಲೇ ಹೋಗಬೇಕು. ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ಕಂತು, ಜೊತೆಗೆ ನಿರ್ವಹಣಾ ಶುಲ್ಕ, ವರ್ಷಕ್ಕೊಮ್ಮೆ ಆಸ್ತಿ ತೆರಿಗೆ. ಆರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದಿದ್ದರೆ ದಯವಿಟ್ಟು ಈಗ ಕೈಹಾಕಬೇಡಿ.

ಬ್ರೋಕರ್ ತೋರಿಸಿದ ದಾಖಲೆಗಳ ಜೆರಾಕ್ಸ್ ನಂಬಿ ಮುಂಗಡ ಕೊಡುವುದೂ ಬೇಡ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರವನ್ನು ನೀವೇ ತೆಗೆಸಿ. ಹಳೆಯ ಕ್ರಯಪತ್ರಗಳು, ಭೂಪರಿವರ್ತನೆ ಆದೇಶ, ಇ-ಖಾತಾ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರು ಸೂಚಿಸಿದವರಿಗಲ್ಲ. ಬಿ-ಖಾತಾ ಆಸ್ತಿ ಅಗ್ಗ, ನಿಜ. ಆದರೆ ಸಾಲ ಸಿಗುವುದೂ ಮುಂದೆ ಮಾರುವುದೂ ಕಷ್ಟ. ಮೊದಲ ಹೂಡಿಕೆಗೆ ಅದು ಬೇಡ.

ಮನೆ ಕೊಂಡು ಬಾಡಿಗೆಗೆ ಕೊಡುವಾಗ ನೆನಪಿಡಿ: ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದದ್ದೇ ಅದಕ್ಕೆ. ಬಣ್ಣ ಬಳಿಸಲು ಅಡ್ವಾನ್ಸ್‌ನಿಂದ ಎಷ್ಟು ಮುರಿದುಕೊಳ್ಳುವಿರಿ ಎಂಬುದನ್ನೂ ಕರಾರಿನಲ್ಲಿ ಬರೆಯಿಸಿ. ಅಡ್ವಾನ್ಸ್ ಬಾಡಿಗೆದಾರರ ಹಣ. ಅದನ್ನು ಕಂತಿಗೆ ಬಳಸಬೇಡಿ, ಪ್ರತ್ಯೇಕ ಠೇವಣಿಯಲ್ಲಿಡಿ.